ಮೇಲಿನ ಮೆಟ್ಟಿಲನ್ನು ನಾನು ಅಳೆದಿರಲಿಲ್ಲ

ಪುಣೆಯ ಕಸಬಾ ಪೇಠದ ಹಳೇ ವಾಡೆ. ಮನೆಯವರು ಧಾರವಾಡದ ಕಡೆಯವರು. ಮಾಳಿಗೆಯ ಮರದ ನೆಲ ಪಕ್ಕದ ಟೈಲ್ಸ್ ಕೋಣೆಗಿಂತ 57 ಮಿ.ಮೀ. ಕೆಳಗಿತ್ತು, ನಡುವೆ ಇನ್ನಷ್ಟು ತಗ್ಗಿತ್ತು. ಎರಡೂ ಕೋಣೆ ಒಂದೇ ಲೆವೆಲ್‌ಗೆ ಬರಬೇಕಿತ್ತು.

ಕಾಂಕ್ರೀಟ್ ತುಂಬಿಸಿಬಿಡಿ ಅಂತ ಆಫೀಸಿನಿಂದ ಫೋನ್ ಬಂತು. ನಾನು ಒಪ್ಪಲಿಲ್ಲ. ಅಷ್ಟು ದಪ್ಪಕ್ಕೆ ಚದರ ಮೀಟರಿಗೆ 130 ಕಿಲೋ ದಾಟುತ್ತದೆ. ಹಳೇ ತೊಲೆ ಅದನ್ನು ಹೇಗೆ ಹೊರಬೇಕು? ತೊಲೆಗಳನ್ನೆಲ್ಲ ಕುಟ್ಟಿ ನೋಡಿ, 38 ಮಿ.ಮೀ. ದಪ್ಪದ ಮರದ ಪಟ್ಟಿ ಹೊಡೆಸಿ, ಮೇಲೆ 19ರ ಸಾಗುವಾನಿ ಹಲಗೆ ಹಾಕಿಸಿದೆ. ತಗ್ಗಿದ ಕಡೆ ಬೆಣೆ. ಬಾಗಿಲ ಕೆಳಗೂ ಕೊಯ್ದೆವು. ಲೇಸರ್ ಇಟ್ಟರೆ ಗೋಡೆಯಿಂದ ಗೋಡೆಗೆ ಒಂದೇ ಗೆರೆ.

"ಸರ್ರ, ಮ್ಯಾಲಿನ ಪಾವಟಿಗಿ ಎತ್ತರ ಆತು ನೋಡ್ರಿ" ಅಂದ ನಮ್ಮ ಬಡಿಗ.

"ಎರಡು ಇಂಚು ತಾನೆ, ರೂಢಿಯಾಗುತ್ತೆ ಬಿಡು" ಅಂದೆ. ಟೇಪ್ ನನ್ನ ಸೊಂಟದಲ್ಲೇ ಇತ್ತು.

ಅವತ್ತು ರಾತ್ರಿ ಸಾಮಾನು ಕಟ್ಟುತ್ತಿದ್ದೆ. ಆ ಮನೆಯ ಅಜ್ಜಿ ಹಾಲಿನ ಲೋಟ ಹಿಡಿದು ಮೇಲೆ ಬಂದರು. ಬಲಗಾಲಿನ ಹೆಬ್ಬೆರಳು ಹೊಸ ಹಲಗೆಯ ಅಂಚಿಗೆ ಬಡಿಯಿತು. ಲೋಟ ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತಾ ಕೆಳಗಿನವರೆಗೂ ಹೋಯಿತು. ಆ ಸದ್ದು ನಿಲ್ಲುವವರೆಗೆ ನನಗೆ ಕೈಕಾಲೇ ಆಡಲಿಲ್ಲ. ಅಜ್ಜಿ ಒಂದು ಕೈಯಲ್ಲಿ ಕಟಕಟೆ ಹಿಡಿದು, ಇನ್ನೊಂದು ಕೈ ಊರಿ, ಮೊಣಕಾಲ ಮೇಲೆ ಕೂತಿದ್ದರು. ಊರಿದ ಮಣಿಕಟ್ಟು ನೋಡನೋಡುತ್ತಲೇ ಊದಿಕೊಂಡಿತು. ನಾನು ಒದ್ದೆ ಟವೆಲ್ ಸುತ್ತಿದೆ.

"ಕತ್ತಲದಾಗೂ ಹತ್ತತಿದ್ದೆ ತಮ್ಮಾ. ನನ್ನ ಕಾಲಿಗೆ ಲೆಕ್ಕ ಗೊತ್ತಿತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ.

ಆಫೀಸಿನ ಚೆಕ್‌ಲಿಸ್ಟ್‌ನಲ್ಲಿ ಬಾಗಿಲು, ಸ್ಕರ್ಟಿಂಗ್, ಸ್ವಿಚ್ ಬೋರ್ಡ್ ಎಲ್ಲ ಇದೆ, ಮೆಟ್ಟಿಲಿಲ್ಲ. ಸೇರಿಸಿ ಅಂತ ಎರಡು ಸಲ ಬರೆದೆ, ಉತ್ತರವಿಲ್ಲ. ಆದರೆ ಬಡಿಗ ಹೇಳಿದ್ದನ್ನು ಕೇಳಲು ಚೆಕ್‌ಲಿಸ್ಟ್ ಬೇಕಿರಲಿಲ್ಲ, ಅಲ್ವಾ?

ಮರುದಿನ ಆ 57ನ್ನು ಹನ್ನೆರಡು ಏರಿಕೆಗೆ, ಅಂದರೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇರುವ ಎತ್ತರಗಳಿಗೆ, ಹಂಚಿದೆವು. ಕೆಳಗಿನ ಮೆಟ್ಟಿಲಿಗೆ 5 ಮಿ.ಮೀ.ಗಿಂತ ಸ್ವಲ್ಪ ಕಮ್ಮಿ, ಮೇಲೆ ಹೋದಂತೆ ಜಾಸ್ತಿ, ಹನ್ನೊಂದನೆಯದಕ್ಕೆ 52. ಒಂದೊಂದು ಪಟ್ಟಿಯನ್ನೂ ಬಡಿಗ ಉಜ್ಜುಗೊರಡು ಹೊಡೆದು ಕೂರಿಸಿದ. 178 ಇದ್ದ ಏರಿಕೆ ಎಲ್ಲ ಕಡೆ 183ರ ಹತ್ತಿರ ಬಂತು. ಈ ಸಲ ಟೇಪ್ ನಾನೇ ಹಿಡಿದೆ, ಎರಡೆರಡು ಸಲ.

ಸಂಜೆ ಅಜ್ಜಿ ಕೈಗೆ ಪಟ್ಟಿ ಕಟ್ಟಿಕೊಂಡೇ ಹತ್ತಿದರು. ನಾನು ಒಂದು ಮೆಟ್ಟಿಲು ಹಿಂದೆ ನಿಂತೆ. ಮೇಲೆ ಮುಟ್ಟಿದ ಮೇಲೆ ತಿರುಗಿ, "ಲೈಟ್ ಆರಿಸು, ಇನ್ನೊಮ್ಮೆ ನೋಡತೀನಿ" ಅಂದರು.

ನಾನು ಆರಿಸಲಿಲ್ಲ.