ಪುಡಿ ಕುಡಿದ ನೀರು

ನನ್ನ ಉದ್ಯೋಗವೇನೆಂದು ನೆಂಟರು ಕೇಳಿದರೆ ಅಮ್ಮ, ‘ಒಲೆ ಮುಂದೆ ಕೂತು ಕಾವು ಅಳೆಯುತ್ತಾನೆ’ ಎನ್ನುತ್ತಾರೆ. ತಪ್ಪೇನಿಲ್ಲ. ಆ ಒಲೆ ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಗಲಿರುಳು ಕಾದಿರುವ ಕ್ಯಾಲರಿಮೀಟರ್, ಅಂದರೆ ಶಾಖ ಅಳೆಯುವ ಉಪಕರಣ. ಒಳಗೆ ಪ್ಲಾಟಿನಂ ಮೂಸೆ, ಅದರಲ್ಲಿ ಕರಗಿದ ಸೋಡಿಯಂ ಮಾಲಿಬ್ಡೇಟ್ ಎಂಬ ಲವಣ. ಪರೀಕ್ಷಿಸಬೇಕಾದ ಪುಡಿಯನ್ನು ಒತ್ತಿ ಮಾಡಿದ, ಐದು ಮಿಲಿಗ್ರಾಂ ತೂಗುವ ಗುಳಿಗೆಯನ್ನು ಮೇಲಿನಿಂದ ಅದಕ್ಕೆ ಬೀಳಿಸುತ್ತೇವೆ. ಗುಳಿಗೆ ಕರಗುವಾಗ ಹೀರಿದ ಶಾಖವನ್ನು ಸುತ್ತಲಿನ ಥರ್ಮೋಕಪಲ್‌ಗಳು, ಅಂದರೆ ಕಾವು ಅರಿಯುವ ತಂತಿಜೋಡಿಗಳು, ಹೇಳುತ್ತವೆ.

ಭಾರೀ ಕಾವಿನಲ್ಲಿ ನಿಧಾನವಾಗಿ ರೂಪುಗೊಳ್ಳುವ ಸೆರಾಮಿಕ್‌ನ ಶಾಖವನ್ನು ಅದು ಹುಟ್ಟುವಾಗಲೇ ಹಿಡಿಯುವುದು ಕಷ್ಟ. ಹಾಗಾಗಿ ಅದನ್ನೂ ಅದರ ಮೂಲ ಆಕ್ಸೈಡ್‌ಗಳನ್ನೂ ಬೇರೆ ಬೇರೆಯಾಗಿ ಕರಗಿಸಿ ವ್ಯತ್ಯಾಸ ತೆಗೆಯುತ್ತೇವೆ. ಮನೆ ಕೆಡವಿ ಕಟ್ಟಿದ ಖರ್ಚು ತಿಳಿದಂತೆ! ಶಿಕಾಗೋದಲ್ಲಿ ವಿಜ್ಞಾನಿ ಓಲೆ ಕ್ಲೆಪ್ಪಾ ಬೆಳೆಸಿದ ಈ ವಿಧಾನವನ್ನು ಅವರ ಶಿಷ್ಯೆ ಅಲೆಕ್ಸಾಂಡ್ರಾ ನವ್ರೋಟ್‌ಸ್ಕಿ ಬಹಳ ದೂರ ಕೊಂಡೊಯ್ದರು.

ಮೊದಲ ವರ್ಷ ನನ್ನ ಕೈಗೆ ಬಂದದ್ದು ಟೈಟಾನಿಯಂ ಡೈಆಕ್ಸೈಡ್‌ನ ಅನಟೇಸ್ ರೂಪದ ನ್ಯಾನೋ ಪುಡಿ. ಕಣ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು, ಸ್ಥಿರತೆ ಕಡಿಮೆ. ಸ್ಥಿರತೆ ಕಡಿಮೆಯಾದರೆ ಕರಗಲು ಬೇಕಾದ ಶಾಖವೂ ಕಡಿಮೆ. ನನ್ನ ಅಂಕಿಗಳೋ ತಿರುಗುಮುರುಗು: ನ್ಯಾನೋ ಪುಡಿಯೇ ದಪ್ಪ ಕಣಗಳಿಗಿಂತ ಸ್ಥಿರವಂತೆ! ಮೂರು ವಾರ ಗುಳಿಗೆ ಬೀಳಿಸಿದೆ. ಪ್ರಬಂಧದ ಶೀರ್ಷಿಕೆಯನ್ನೂ ಯೋಚಿಸಿಟ್ಟೆ.

ಹಿರಿಯ ಸಹೋದ್ಯೋಗಿ ನನ್ನ ನಕ್ಷೆಯತ್ತ ನೋಡಲೂ ಇಲ್ಲ. ‘ಇದರಲ್ಲಿ ನೀರೆಷ್ಟಿದೆ?’ ಎಂದರು. ನಿನ್ನೆಯೇ ಒಣಗಿಸಿದ್ದೇನೆ ಎಂದೆ. ಚಿಟಿಕೆ ಪುಡಿಯನ್ನು ತಕ್ಕಡಿಗೆ ಹಾಕಿ ಅದರ ಬಾಗಿಲು ತೆರೆದಿಟ್ಟರು. ಕೊನೆಯ ಅಂಕಿ ಒಂದೊಂದಾಗಿ ಏರತೊಡಗಿತು. ಪುಡಿ ಗಾಳಿಯ ತೇವ ಕುಡಿಯುತ್ತಿತ್ತು.

ಒಂದು ಮೋಲ್ ನೀರು, ಅಂದರೆ ಸುಮಾರು 18 ಗ್ರಾಂ, ಕೋಣೆಯ ಉಷ್ಣತೆಯಿಂದ 700 ಡಿಗ್ರಿಯ ಆವಿಯಾಗಲು 69 ಕಿಲೋಜೂಲ್ ಬೇಕು. ನನ್ನ ಪುಡಿಯಲ್ಲಿದ್ದದ್ದು ಒಂದು ಮೋಲ್ ಟೈಟಾನಿಯಂ ಡೈಆಕ್ಸೈಡ್‌ಗೆ 0.1 ಮೋಲ್ ನೀರು, ತೂಕದಲ್ಲಿ ಎರಡು ಶೇಕಡಾ ಚಿಲ್ಲರೆ. ಅಷ್ಟಕ್ಕೇ 6.9 ಕಿಲೋಜೂಲ್! ಅನಟೇಸ್‌ಗೂ ಅದೇ ಆಕ್ಸೈಡ್‌ನ ಇನ್ನೂ ಸ್ಥಿರ ರೂಪವಾದ ರೂಟೈಲ್‌ಗೂ ಇರುವ ಅಂತರವೇ ಮೋಲ್‌ಗೆ ಸುಮಾರು 2.6 ಕಿಲೋಜೂಲ್. ನೀರನ್ನು ಅಳೆದು ಟೈಟಾನಿಯಂ ಹೆಸರಿಗೆ ಬರೆದಿದ್ದೆ.

ಇನ್ನಷ್ಟು ಕಾಯಿಸಿ ಒಣಗಿಸೋಣವೆಂದರೆ ಕಣಗಳು ಕೂಡಿ ದೊಡ್ಡದಾಗುತ್ತವೆ. ಅಳೆಯಬೇಕಾದ ಮೇಲ್ಮೈಯೇ ಮಾಯ. ನೀರನ್ನು ಓಡಿಸಲಾಗದು, ಅದರ ಲೆಕ್ಕ ಇಡಬೇಕು: ಅಂದಿನ ಪುಡಿಯಲ್ಲಿ ಸ್ವಲ್ಪವನ್ನು ಬೇರೆಯಾಗಿ ಕಾಯಿಸಿ, ತೂಕನಷ್ಟ ಅಂದೇ ನೋಡಿ, ಆ ನೀರಿನ ಶಾಖವನ್ನು ಕಳೆಯಬೇಕು.

ಆ ಮೂರು ವಾರದ ಅಂಕಿಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಅಂದಂದಿನ ನೀರಿನ ಲೆಕ್ಕವೇ ಇರಲಿಲ್ಲವಲ್ಲ. ಪುಟಗಳಿಗೆ ಅಡ್ಡಗೆರೆ ಎಳೆದು, ಮುಂದಿನ ಪುಟದಲ್ಲಿ ‘ನೀರು’ ಎಂಬ ಹೊಸ ಅಂಕಣ ಹಾಕಿದೆ. ಈಗ ಹೊಸಬರು ತಕ್ಕಡಿಯ ಬಾಗಿಲು ತೆರೆದಿಟ್ಟು ಹರಟೆ ಹೊಡೆಯುವುದನ್ನು ಕಂಡರೆ ನನ್ನ ಮೈ ಉರಿಯುತ್ತದೆ.