ಸ್ಟಾರ್ಟರ್ ಬಟನ್‌ಗೆ ಕಡ್ಡಿ ಸಿಕ್ಕಿಸೋ ಮುಂಚೆ

ನಂದು ಶಿಡ್ಲಘಟ್ಟದಲ್ಲಿ ಮೋಟರ್ ರೀವೈಂಡಿಂಗ್ ಕೆಲಸ, ಅಂದ್ರೆ ಸುಟ್ಟ ಬೋರ್‌ವೆಲ್ ಮೋಟರ್‌ಗೆ ಹೊಸ ತಂತಿ ಸುತ್ತೋದು. ಸುಟ್ಟ ಮೋಟರ್ ಅಂಗಡಿಗೆ ಬಂದ ತಕ್ಷಣ ನಾನು ಕೇಳೋ ಮೊದಲ್ನೇ ಮಾತು, ಸ್ಟಾರ್ಟರ್‌ನ (ಮೋಟರ್ ಆನ್ ಆಫ್ ಮಾಡೋ ಡಬ್ಬದ) ಹಸಿರು ಬಟನ್‌ಗೆ ಏನಾದ್ರೂ ಸಿಕ್ಕಿಸಿದ್ರಾ ಅಂತ. ಬೆಂಕಿಕಡ್ಡಿ, ಜಾಲಿ ಕಡ್ಡಿ, ಮಡಚಿದ ರಟ್ಟು, ಬಟನ್ ಮೇಲೆ ಕಲ್ಲಿಟ್ಟು ಸೈಕಲ್ ಟ್ಯೂಬ್ ಸುತ್ತಿರೋದು, ಎಲ್ಲಾ ನೋಡಿದೀನಿ. ಮಾಡೋರ್ನ ಬೈಯೋಕೆ ಮನಸ್ಸು ಬರಲ್ಲ. ತ್ರೀಫೇಸ್ ಬರೋದು ಪಾಳಿ ಮೇಲೆ, ಎಷ್ಟೋ ಸಲ ಮಧ್ಯರಾತ್ರಿ, ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡೋ ನಿದ್ದೆಯಿಂದ) ಎದ್ದು ಸೊಪ್ಪಿಗೆ ಕಾಯ್ತಿರುತ್ತೆ, ತೋಟಕ್ಕೆ ನೀರು ಹಾಯಿಸ್ಬೇಕು, ಬಟನ್ ಒತ್ತಿದ್ರೆ ಮೋಟರ್ ಓಡುತ್ತೆ ಕೈ ಬಿಟ್ರೆ ನಿಲ್ಲುತ್ತೆ, ಆಗ ಯಾರಾದ್ರೂ ಕೈಗೆ ಸಿಕ್ಕಿದ್ದನ್ನ ಸಿಕ್ಕಿಸ್ತಾರೆ.

ಆದ್ರೆ ಕೈ ಬಿಟ್ರೆ ಮೋಟರ್ ಯಾಕೆ ನಿಲ್ತಿದೆ ಅಂತ ಒಂದ್ಸಲ ನೋಡ್ಲೇಬೇಕು. ಹಸಿರು ಬಟನ್ ಒತ್ತಿದಾಗ ಕಾಯಿಲ್‌ಗೆ (ಕರೆಂಟ್ ಹರಿದ್ರೆ ಅಯಸ್ಕಾಂತ ಆಗೋ ತಂತಿ ಸುರುಳಿಗೆ) ಕರೆಂಟ್ ಹೋಗಿ ಕಾಂಟ್ಯಾಕ್ಟರ್, ಅಂದ್ರೆ ಮೋಟರ್‌ಗೆ ಕರೆಂಟ್ ಕೂಡಿಸೋ ಸ್ವಿಚ್, ಎಳ್ಕೊಳುತ್ತೆ, ಅದರ ಜೊತೆಗೆ ಪಕ್ಕದಲ್ಲಿರೋ ಒಂದು ಚಿಕ್ಕ ಪಾಯಿಂಟೂ ಕೂಡ್ಕೊಂಡು ಕಾಯಿಲ್‌ಗೆ ಕರೆಂಟ್ ಕೊಡ್ತಾ ಇರುತ್ತೆ, ಅದಕ್ಕೇ ನಾವು ಕೈ ತೆಗೆದ್ರೂ ಮೋಟರ್ ಓಡೋದು. ಕೈ ಬಿಟ್ರೆ ನಿಲ್ತಿದೆ ಅಂದ್ರೆ ಬಹುಪಾಲು ಆ ಪಾಯಿಂಟ್ ಕಪ್ಪು ಹಿಡಿದಿರುತ್ತೆ, ಇಲ್ಲ ಅದರ ವೈರ್ ಲೂಸ್ ಆಗಿರುತ್ತೆ. ಸಣ್ಣ ರಿಪೇರಿ ಅದು. ಇನ್ನೊಂದು ಕಾರಣ ಲೋ ವೋಲ್ಟೇಜ್. 415 ವೋಲ್ಟ್ ಕಾಯಿಲ್ ಸರಿಯಾಗಿ ಎಳ್ಕೊಳೋಕೆ ಸುಮಾರು 350 ಆದ್ರೂ ಬೇಕು, ಕಮ್ಮಿ ಇದ್ರೆ ಟಕಟಕ ಅಂತ ಬಡ್ಕೊಳುತ್ತೆ. ಆಗ ಒತ್ತಿ ಹಿಡಿದ್ರೆ ಕಾಯಿಲೂ ಸುಡುತ್ತೆ, ಆ ವೋಲ್ಟೇಜಲ್ಲಿ ಮೋಟರ್ ಜಾಸ್ತಿ ಆಂಪ್ಸ್ ಎಳೆದು ವೈಂಡಿಂಗೂ ಕಾಯುತ್ತೆ.

ಕಡ್ಡಿ ಸಿಕ್ಕಿಸಿ ಮನೆಗೆ ಬಂದು ಮಲಗಿದ್ರೆ ಕರೆಂಟ್ ಹೋಗಿ ಮತ್ತೆ ಬಂದಾಗ ಮೋಟರ್ ತಾನೇ ಸ್ಟಾರ್ಟ್ ಆಗುತ್ತೆ. ಮೂರರಲ್ಲಿ ಎರಡೇ ಫೇಸ್ ಬಂದಿದ್ದು, ಕಾಯಿಲ್ ವೈರ್ ಆ ಎರಡಕ್ಕೇ ಕೊಟ್ಟಿದ್ರೂ ಕಾಂಟ್ಯಾಕ್ಟರ್ ಎಳ್ಕೊಳುತ್ತೆ, ಮೋಟರ್ ತಿರುಗ್ದೆ ಗುಂಯ್ ಅಂತ ನಿಂತಿರುತ್ತೆ. ಕೆಂಪು ಬಟನ್ ಒತ್ತಿದ್ರೆ ನಿಲ್ಲುತ್ತೆ, ಬೆರಳು ತೆಗೆದ್ರೆ ಮತ್ತೆ ಶುರು. ಅದಕ್ಕಿಂತ ಕೆಟ್ಟದ್ದು, ಡಬ್ಬ ಬಿಚ್ಚಿ ಕಾಂಟ್ಯಾಕ್ಟರ್‌ನೇ ಒಳಕ್ಕೆ ಒತ್ತಿ ಮರದ ಚಕ್ಕೆ ಹೊಡೆಯೋದು. ಆಗ ಮೋಟರ್ ಜಾಸ್ತಿ ಆಂಪ್ಸ್ ಎಳೆದ್ರೆ ನಿಲ್ಸೋಕೆ ಇರೋ ಓವರ್‌ಲೋಡ್ ರಿಲೇ ಟ್ರಿಪ್ ಆದ್ರೂ ಏನೂ ಆಗಲ್ಲ, ಯಾಕಂದ್ರೆ ಅದು ತೆಗೆಯೋದು ಕಾಯಿಲ್ ಕರೆಂಟ್, ಇಲ್ಲಿ ಹಿಡ್ಕೊಂಡಿರೋದು ಚಕ್ಕೆ. "ಅಣ್ಣಾ, ಕೆಂಪು ಒತ್ತಿದ್ರೂ ನಿಲ್ತಿಲ್ಲ" ಅಂತ ರಾತ್ರಿ ಫೋನ್ ಬಂದ್ರೆ ನಾನು ಹೇಳೋದು ಒಂದೇ, ಡಬ್ಬಕ್ಕೆ ಕೈ ಹಾಕ್ಬೇಡಿ, ಮೇನ್ ಇಳಿಸಿ. ನಮ್ಮ ಕಡೆ ಬೋರು ಸಾವಿರ ಅಡಿ ದಾಟಿರೋದು ಮಾಮೂಲು, ಅಷ್ಟು ಆಳದಿಂದ ಮೋಟರ್ ಎತ್ತಿ ಇಳಿಸೋ ಖರ್ಚಲ್ಲಿ ಹೊಸ ಸ್ಟಾರ್ಟರ್‌ನೇ ಬರುತ್ತೆ.

ಮನೇಲೂ ಇದೇ ಕಥೆ. ಕರೆಂಟ್ ರೈಸ್ ಕುಕ್ಕರ್ ಲಿವರ್ ಮೇಲಕ್ಕೆ ಹಾರೋದು ಅನ್ನದ ನೀರು ಇಂಗಿ ತಳ 100 ಡಿಗ್ರಿ ದಾಟಿದಾಗ, ಒಳಗಿನ ಮ್ಯಾಗ್ನೆಟ್ ಆ ಬಿಸಿಗೆ ಹಿಡಿತ ಬಿಡೋದ್ರಿಂದ. ಒಗ್ಗರಣೆ ಹಾಕ್ಬೇಕು ಅಂತ ಲಿವರ್ ಮೇಲೇಳದ ಹಾಗೆ ಸ್ಪೂನ್ ಸಿಕ್ಕಿಸಿದ್ರೆ ಥರ್ಮಲ್ ಫ್ಯೂಸ್ (ಬಿಸಿ ಮೀರಿದ್ರೆ ಕರೆಂಟ್ ಕಡಿಯೋ ಫ್ಯೂಸ್) ಹೋಗುತ್ತೆ. ವಾಷಿಂಗ್ ಮೆಷಿನ್ ಸ್ಪಿನ್ ಮುಚ್ಚಳದ ಸ್ವಿಚ್‌ಗೆ ಟೇಪ್ ಸುತ್ತೋದಂತೂ ಮಕ್ಕಳಿರೋ ಮನೇಲಿ ಬೇಡ್ವೇ ಬೇಡ, ತಿರುಗೋ ಡ್ರಮ್ಮಿಗೆ ಕೈ ಹಾಕಿದ್ರೆ ಬಟ್ಟೆ ತೋಳನ್ನೇ ಸುತ್ತ್ಕೊಳುತ್ತೆ.

ಟೆಸ್ಟ್ ಮಾಡುವಾಗ ನಾನೂ ಬಟನ್ ಒತ್ತಿ ಕಟ್ಟೋದುಂಟು. ಪ್ಲಾಸ್ಟಿಕ್ ಕೇಬಲ್ ಟೈ ಇಲ್ಲ ಬಟ್ಟೆ ಕ್ಲಿಪ್, ತಂತಿ ಮಾತ್ರ ಯಾವತ್ತೂ ಬಳಸಲ್ಲ, ಪಕ್ಕದಲ್ಲೇ ನಿಂತಿರ್ತೀನಿ, ಮೀಟರ್ ನೋಡಿ ಆದ್ಮೇಲೆ ಮೇನ್ ತೆಗೆದು ಕತ್ತರಿಸ್ತೀನಿ. ತೋಟದಲ್ಲಿ ರಾತ್ರಿ ಎದ್ದು ಹೋಗೋದು ತಪ್ಪಿಸ್ಬೇಕು ಅನ್ನೋರು ಮೂರು ಫೇಸೂ ನೋಡ್ಕೊಂಡು, ಸ್ವಲ್ಪ ಹೊತ್ತು ತಡೆದು ಸ್ಟಾರ್ಟ್ ಮಾಡೋ ಆಟೋ ಸ್ಟಾರ್ಟರ್ ಹಾಕಿಸ್ಕೊಳ್ಳಿ, ಒಂದು ಫೇಸ್ ಹೋದ್ರೆ ಮೋಟರ್ ನಿಲ್ಸೋ ಪ್ರಿವೆಂಟರ್‌ನ ಬೈಪಾಸ್ ಮಾಡಿಸ್ಬೇಡಿ.