ಹಳೆಯ ಮಾರುತಿ 800: ಎಂಜಿನ್ ಆಯಿಲ್ ಸೋರಿಕೆ ರಿಪೇರಿ, ಈವರೆಗಿನ ಕೆಲಸ

ಗಾಡಿ ಕಾರ್ಬ್ಯುರೇಟರ್ ಕಾಲದ್ದು, ಎಂಜಿನ್ 796 ಸಿಸಿಯ ಮೂರು ಸಿಲಿಂಡರಿನ ಎಫ್8ಬಿ. ನಿಲ್ಲಿಸಿದ ಕಡೆಯೆಲ್ಲ ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಗೂಡು) ಕೆಳಗೆ ಎಣ್ಣೆ ಕಲೆ. ಇದನ್ನು ನೋಡಿದ ಕೂಡಲೇ ಬ್ಯಾಕ್ ಆಯಿಲ್ ಸೀಲ್ (ಕ್ರ್ಯಾಂಕ್‌ಶಾಫ್ಟಿನ ಗೇರ್‌ಬಾಕ್ಸ್ ಬದಿಯ ಸೀಲ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅನ್ನುವವರೇ ಹೆಚ್ಚು. ಅದು ಆತುರದ ತೀರ್ಮಾನ. ಈ ಎಂಜಿನ್ನಿನಲ್ಲಿ ಡೆಲ್ಕೊ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಕೂರುವುದು ಕ್ಯಾಮ್‌ಶಾಫ್ಟಿನ ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ. ಡೆಲ್ಕೊ ಬುಡದ ಓ-ರಿಂಗ್ (ರಬ್ಬರ್ ಬಳೆ) ಸೋತರೆ ಎಣ್ಣೆ ಆ ಮೂಲೆಯಿಂದ ಇಳಿದು ಬೆಲ್ ಹೌಸಿಂಗ್ ಸೇರುತ್ತದೆ, ಬ್ಯಾಕ್ ಸೀಲ್ ಸೋರಿದ ಹಾಗೆಯೇ ಕಾಣುತ್ತದೆ. ಹಾಗಾಗಿ ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬರುವುದೇ ಸರಿಯಾದ ದಾರಿ.

ಮೊದಲು ತೊಳೆಯುವುದು. ಡೆಲ್ಕೊ, ಕಾಯಿಲ್, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ತಣ್ಣಗಿದ್ದ ಎಂಜಿನ್ನಿಗೆ ಡೀಸೆಲ್ ಹಚ್ಚಿ ಬ್ರಷ್‌ನಿಂದ ತಿಕ್ಕಿ, ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸಿದ್ದಾಯಿತು. ಡೀಸೆಲ್ ಉಳಿದಿದ್ದರೆ ಅದೇ ಸೋರಿಕೆಯಂತೆ ಕಂಡು ದಾರಿ ತಪ್ಪಿಸುತ್ತದೆ. ಆಮೇಲೆ ಜೋಡಣೆಗಳ ಕೆಳಗೆಲ್ಲ ಟಾಲ್ಕಂ ಪೌಡರ್ ತೆಳ್ಳಗೆ ಸವರಿ, ಬಿಸಿಯಾಗುವವರೆಗೆ ಓಡಿಸಿ, ಟಾರ್ಚ್ ಹಿಡಿದು ನೋಡಿದ್ದು. ಪೌಡರಿನಲ್ಲಿ ಒದ್ದೆ ಗೆರೆ ಎಲ್ಲಿಂದ ಹೊರಟಿದೆ ಅನ್ನುವುದೇ ಮುಖ್ಯ, ಎಲ್ಲಿ ತೊಟ್ಟಿಕ್ಕುತ್ತದೆ ಅನ್ನುವುದಲ್ಲ. ಗೆರೆ ಹೊರಟಿದ್ದು ಎರಡು ಕಡೆಯಿಂದ: ಡೆಲ್ಕೊ ಬುಡ ಮತ್ತು ಟ್ಯಾಪೆಟ್ ಕವರಿನ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಮೂಲೆ.

ಸೀಲ್ ಮುಟ್ಟುವ ಮೊದಲು ಬ್ರೀದರ್, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪು, ನೋಡಲೇಬೇಕು. ಪೈಪು ಕಟ್ಟಿಕೊಂಡಿದ್ದರೆ ಒಳಗಿನ ಗಾಳಿಯ ಒತ್ತಡ ಹೊಸ ಸೀಲನ್ನೂ ದಾಟಿಸಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಪೈಪಿನ ತುಂಬ ಕಪ್ಪು ಜಿಡ್ಡು. ಪೆಟ್ರೋಲಿನಲ್ಲಿ ತೊಳೆದು ಊದಿ ನೋಡಿದ ಮೇಲೆ, ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ನುಗ್ಗುವುದು ನಿಂತಿದೆ. ಪೈಪು ಸ್ವಚ್ಛವಿದ್ದೂ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅನುಮಾನಿಸಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೂಸಿಯೂ ನೋಡಿ. ಫ್ಯುಯೆಲ್ ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಲೆವೆಲ್ ಏರುತ್ತದೆ, ಸೋರಿಕೆಯೂ ಹೆಚ್ಚುತ್ತದೆ.

ಡೆಲ್ಕೊ: ಬ್ಯಾಟರಿ ನೆಗೆಟಿವ್ ಬಿಚ್ಚಿ, ಕ್ಯಾಪ್ ತೆಗೆದು, ಒಳಗೆ ತಿರುಗುವ ರೋಟರ್ ತೋರಿಸುವ ದಿಕ್ಕಿಗೂ ಬಾಡಿ ಕೂತ ಕೋನಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ಗೇರ್ ಹಲ್ಲು ಓರೆಯಾಗಿರುವುದರಿಂದ ಡೆಲ್ಕೊ ಎಳೆಯುವಾಗ ರೋಟರ್ ತುಸು ತಿರುಗುತ್ತದೆ. ತಿರುಗಿ ನಿಂತ ಜಾಗಕ್ಕೂ ಒಂದು ಗುರುತು ಹಾಕಿ. ವಾಪಸ್ ಹಾಕುವಾಗ ಅಲ್ಲಿಂದಲೇ ಶುರು. ಹೊರಬಂದ ಓ-ರಿಂಗ್ ಚಪ್ಪಟೆಯಾಗಿ, ಉಗುರು ಇಳಿಯದಷ್ಟು ಗಟ್ಟಿಯಾಗಿತ್ತು. ಹೊಸದಕ್ಕೆ ಎಂಜಿನ್ ಆಯಿಲ್ ಸವರಿ ಕೂರಿಸಿದ್ದು. ಓ-ರಿಂಗ್ ಬದಲು ಸಿಲಿಕೋನ್ ಪೇಸ್ಟ್ ಮೆತ್ತುವುದು ಕೆಟ್ಟ ಅಭ್ಯಾಸ, ಅದರ ಚೂರು ಒಳಗೆ ಉದುರಿ ಚೇಂಬರಿನ (ಎಂಜಿನ್ ತಳದ ಎಣ್ಣೆ ತೊಟ್ಟಿ) ಜಾಲರಿ ಸೇರುತ್ತದೆ. ಕ್ಯಾಪ್ ಒಳಗೇ ಎಣ್ಣೆ ಇದ್ದರೆ ಕತೆ ಬೇರೆ: ಅದು ಡೆಲ್ಕೊ ಶಾಫ್ಟಿನ ಸೀಲ್, ಹೊರಗಿನ ಓ-ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಜೋಡಿಸಿದ ಮೇಲೆ ಟೈಮಿಂಗ್ ಲೈಟ್ (ಸ್ಪಾರ್ಕ್ ಸರಿಯಾದ ಹೊತ್ತಿಗೆ ಬರುತ್ತಿದೆಯೇ ಎಂದು ತೋರಿಸುವ ದೀಪ) ಹಿಡಿಯದೆ ಬಿಡಬೇಡಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಸ್ಪಾರ್ಕ್ ಬರುವ ಸರದಿ, 1-3-2.

ಟ್ಯಾಪೆಟ್ ಕವರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಸುಲಭದ ಕೆಲಸ, ಆದರೆ ಹೆಚ್ಚಿನವರು ಕೆಡಿಸುವುದೂ ಇಲ್ಲೇ. ಸೋರಿತು ಅಂತ ಬಿಗಿ ಮಾಡಿದಷ್ಟೂ ಕವರ್ ಬಾಗಿ ಇನ್ನಷ್ಟು ಸೋರುತ್ತದೆ. ಬಿಗಿ 4ರಿಂದ 5 ನ್ಯೂಟನ್ ಮೀಟರ್ ಸಾಕು, ಚಿಕ್ಕ ಸ್ಪ್ಯಾನರ್‌ನಲ್ಲಿ ಎರಡು ಬೆರಳಿನ ಬಲ. ಪ್ಯಾಕಿಂಗ್ ಕೂರುವ ಎರಡೂ ಕಡೆ ಒಣಗಿರಬೇಕು.

ಆಯಿಲ್ ಪ್ರೆಷರ್ ಸ್ವಿಚ್‌ನ ವೈರ್ ಕಳಚಿ ನೋಡಿದ್ದಾಯಿತು, ಟರ್ಮಿನಲ್ ಒಣಗಿದೆ. ಅಲ್ಲಿ ಎಣ್ಣೆ ಇದ್ದರೆ ಸ್ವಿಚ್ ಬದಲಿಸುವುದೇ ಸರಿ.

ಟೈಮಿಂಗ್ ಬೆಲ್ಟ್ ಕವರ್ ಒಳಗೂ ಒಣ. ಅಲ್ಲಿ ಎಣ್ಣೆ ಕಂಡಿದ್ದರೆ ಕ್ಯಾಮ್ ಸೀಲ್, ಕ್ರ್ಯಾಂಕ್ ಮುಂದಿನ ಸೀಲ್ ಎರಡನ್ನೂ ಹಾಕಿ, ಬೆಲ್ಟನ್ನೂ ಬದಲಿಸಬೇಕಿತ್ತು. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ ಮತ್ತೆ ಹಾಕುವುದು ಅಪಾಯ. ಹಳೆ ಸೀಲ್ ಶಾಫ್ಟಿನಲ್ಲಿ ಗೆರೆ ಕೊರೆದಿದ್ದರೆ, ಹೊಸ ಸೀಲಿನ ತುಟಿ ಆ ಗೆರೆಯ ಮೇಲೆ ಬೀಳದಂತೆ ತುಸು ಮುಂದೆ ಕೂರಿಸಬೇಕು.

ಉಳಿದಿರುವುದು ಚೇಂಬರ್. ಒಂದು ಮೂಲೆಯಲ್ಲಿ ತೇವವಿದೆ, ಹನಿ ಬೀಳುತ್ತಿಲ್ಲ. ಮುಂದಿನ ಆಯಿಲ್ ಬದಲಾವಣೆಗೆ ಅದನ್ನು ಇಳಿಸುವ ಯೋಚನೆ. ಬೋಲ್ಟ್ ತೂತಿನ ಸುತ್ತ ತಗಡು ಉಬ್ಬಿರುತ್ತದೆ, ಅದನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ತಟ್ಟಿ ಸರಿಮಾಡದೆ ಎಷ್ಟು ಪೇಸ್ಟ್ ಹಾಕಿದರೂ ವ್ಯರ್ಥ. ಪೇಸ್ಟಿನ ಗೆರೆ 3 ಮಿಲಿಮೀಟರ್ ದಪ್ಪ ಸಾಕು, ತೂತುಗಳ ಒಳಬದಿಯಿಂದ ಸಾಗಬೇಕು. ಬೋಲ್ಟ್ ಬಿಗಿ ನಡುವಿನಿಂದ ತುದಿಗೆ, 9ರಿಂದ 12 ನ್ಯೂಟನ್ ಮೀಟರ್. ಪೇಸ್ಟ್ ಪೂರ್ತಿ ಗಟ್ಟಿಯಾದ ಮೇಲೆ 20ಡಬ್ಲ್ಯೂ40 ಆಯಿಲ್ ಎರಡೂವರೆ ಲೀಟರ್ ಸುರಿದು, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸುವುದು.

ಈಗ ಬೆಲ್ ಹೌಸಿಂಗ್ ಒಣಗಿದೆ, ಗೇರ್‌ಬಾಕ್ಸ್ ಇಳಿಸಿಲ್ಲ. ಮತ್ತೆ ತೇವ ಕಂಡು, ಮೇಲಿನ ಪೌಡರ್ ಒಣಗಿಯೇ ಇದ್ದರೆ ಮಾತ್ರ ಬ್ಯಾಕ್ ಸೀಲಿನ ಸರದಿ. ಆಗಲೂ ಮೊದಲು ಹನಿಯನ್ನು ಮೂಸಿ ನೋಡಬೇಕು: ಗಂಧಕದ ಘಾಟಿದ್ದರೆ ಅದು ಗೇರ್ ಆಯಿಲ್, ಸೋರುತ್ತಿರುವುದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್.